ಚಾಟ್‌ನಲ್ಲೇ ಉಳಿದ ಒಂದು ಅಕ್ಷರ: ಧಾರವಾಡದ ಒಂದು ಸಂಕಿರಣದ ಪ್ರಕರಣ

ಕಳೆದ ಜುಲೈನಲ್ಲಿ ನಾವು ಕೆಲವರು ಸೇರಿ ಧಾರವಾಡದಲ್ಲಿ ಎರಡು ದಿನದ ಶಾಸನ ಸಂಕಿರಣ ಮಾಡಿದೆವು. ಗದಗ ಮತ್ತು ಹಾವೇರಿ ಜಿಲ್ಲೆಗಳ ದಾನಶಾಸನಗಳು, ವೀರಗಲ್ಲುಗಳು ವಿಷಯ. ಬರೋಕೆ ಆಗುವವರು ಸಭಾಂಗಣಕ್ಕೆ ಬರಲಿ, ಆಗದವರು ಆನ್‌ಲೈನ್‌ನಲ್ಲಿ ಸೇರಲಿ ಅಂತ ಮೊದಲೇ ತಿಳಿಸಿದ್ದೆವು. ಈಗ ಎಲ್ಲ ಕಡೆ ಹಾಗೇ ಮಾಡ್ತಾರೆ ಅಲ್ವಾ, ನಾವೂ ಮಾಡಿದೆವು. ಎರಡೂ ಕಡೆಯವರನ್ನು ಸಮನಾಗಿ ನೋಡಿಕೊಳ್ಳುವುದು ಅಂದರೆ ಏನು ಅನ್ನೋದು ಮಾತ್ರ ನಮಗೆ ಗೊತ್ತಾಗಿದ್ದು ಒಂದು ತಪ್ಪು ಮಾಡಿದ ಮೇಲೆ. ಆ ತಪ್ಪು ಹೇಗಾಯಿತು, ಎಷ್ಟು ತಿದ್ದಿಕೊಂಡೆವು, ಏನು ತಿದ್ದೋಕೆ ಆಗಲಿಲ್ಲ ಅನ್ನೋದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಾನು ಸಮಿತಿಯಲ್ಲಿ ಹೆಸರು ನೋಂದಣಿ ಮತ್ತು ಆನ್‌ಲೈನ್ ಕೆಲಸ ನೋಡಿಕೊಳ್ಳುತ್ತಿದ್ದೆ. ಹಾಗಾಗಿ ತಪ್ಪಿನಲ್ಲಿ ನನ್ನ ಪಾಲು ದೊಡ್ಡದು.

ಯಾರು ಎಲ್ಲಿದ್ದರು

ಸಭಾಂಗಣದಲ್ಲಿ 80ರ ಆಸುಪಾಸು ಮಂದಿ ಇದ್ದರು. ಕಾಲೇಜಿನ ಮೇಷ್ಟ್ರುಗಳು, ಸಂಶೋಧನೆ ಮಾಡುವ ಹುಡುಗ ಹುಡುಗಿಯರು, ನಿವೃತ್ತರು. ಧಾರವಾಡಕ್ಕೆ ಭಾಷಣ ಕೇಳುವ ರೂಢಿ ಬಹಳ ಹಳೆಯದು. ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೇ 1890ರಲ್ಲಿ. ಜಿಟಿಜಿಟಿ ಮಳೆಯಲ್ಲೂ ಕೊಡೆ ಹಿಡಿದು ಹತ್ತು ನಿಮಿಷ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂಡುವ ಹಿರಿಯರು ಈ ಊರಿನಲ್ಲಿ ಈಗಲೂ ಇದ್ದಾರೆ. ಅವರಿಗಾಗಿ ಯಾರೂ ವಿಶೇಷವಾಗಿ ಯೋಚನೆ ಮಾಡಬೇಕಾಗಿಲ್ಲ. ಕುರ್ಚಿ ಹಾಕಿ ಒಂದು ಕಪ್ ಚಾ ಕೊಟ್ಟರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಆನ್‌ಲೈನ್‌ಗೆ 60 ಮಂದಿ ಹೆಸರು ಕೊಟ್ಟಿದ್ದರು. ಒಂದೇ ಹೊತ್ತಿಗೆ 35ಕ್ಕಿಂತ ಜಾಸ್ತಿ ಕಾಣಲಿಲ್ಲ. ಗದಗದಿಂದ ಎಂಟು ತಿಂಗಳ ಕೂಸಿನ ತಾಯಿಯೊಬ್ಬರು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಿಂದ ಮೊಣಕಾಲು ನೋವಿನ ನಿವೃತ್ತ ಮೇಷ್ಟ್ರು. ಬೆಂಗಳೂರು, ಮೈಸೂರಿನ ಕೆಲವರು. ನೆದರ್ಲೆಂಡ್ಸ್‌ನಲ್ಲಿ ಓದುತ್ತಿರುವ ಒಬ್ಬ ಸಂಶೋಧಕಿ. ಧಾರವಾಡದಿಂದ ಗದಗ 80 ಕಿ.ಮೀ. ಆಸುಪಾಸು ಅಷ್ಟೆ. ‘ಇಷ್ಟ ದೂರಕ್ಕ ಆನ್‌ಲೈನ್ ಯಾಕ್ರಿ, ಬಸ್ ಹತ್ತಿ ಬಂದ್ರ ಆತು’ ಅಂತ ಸಮಿತಿಯ ಹಿರಿಯರೊಬ್ಬರು ಹೇಳಿದ್ದರು. ನಾನೂ ಆಗ ತಲೆಯಾಡಿಸಿದ್ದೆ. ಕೂಸು ಬಿಟ್ಟು ಬರೋಕೆ ಆಗದವರಿಗೆ, ಸಂಜೆ ಎಮ್ಮೆ ಹಿಂಡುವ ಹೊತ್ತಿಗೆ ಮನೆಯಲ್ಲಿರಬೇಕಾದವರಿಗೆ 80 ಕಿ.ಮೀ. ಕೂಡ ದೂರವೇ ಅಂತ ನನಗೆ ತಿಳಿಯಬೇಕಿತ್ತು.

ಮೊದಲ ದಿನ ಬೆಳಿಗ್ಗೆ

ನಮ್ಮ ದುಡ್ಡೆಲ್ಲ ಚಿತ್ರಕ್ಕೆ ಹೋಗಿತ್ತು. ಎರಡು ಕ್ಯಾಮೆರಾ, ಒಬ್ಬ ಆಪರೇಟರ್, ವೇದಿಕೆಯ ಹಿಂದೆ ದೊಡ್ಡ ಪರದೆ. ಧ್ವನಿಗೆ ಇದ್ದದ್ದು ಮೇಜಿನ ಮೇಲಿನ ಲ್ಯಾಪ್‌ಟಾಪಿನ ಮೈಕು ಮಾತ್ರ. ಶುರುವಾಗಿ ಐದು ನಿಮಿಷಕ್ಕೇ ಚಾಟ್‌ನಲ್ಲಿ ‘ಏನೂ ಕೇಳಸವಲ್ದು’ ಅಂತ ಬಂತು. ಅವರಿಗೆ ಕೇಳುತ್ತಿದ್ದದ್ದು ಫ್ಯಾನಿನ ಸದ್ದು, ಹೊರಗಿನ ಮಳೆಯ ಸದ್ದು, ಅದರ ನಡುವೆ ಎಲ್ಲೋ ದೂರದಲ್ಲಿ ಒಂದು ಭಾಷಣ.

ಗಡಿಬಿಡಿಯಲ್ಲಿ ಸೌಂಡ್ ಸಿಸ್ಟಮ್‌ನ ಹುಡುಗ ಮಿಕ್ಸರಿನಿಂದ ಒಂದು ವೈರ್ ಎಳೆದು ಲ್ಯಾಪ್‌ಟಾಪಿಗೆ ಕೊಟ್ಟ. ಭಾಷಣ ಸ್ಪಷ್ಟವಾಯಿತು. ಆದರೆ ಬೆಂಗಳೂರಿನವರೊಬ್ಬರು ಮಾತಾಡಲು ಶುರು ಮಾಡಿದ ಕೂಡಲೇ ಅವರ ಮಾತು ಅವರಿಗೇ ಅರ್ಧ ಕ್ಷಣ ತಡವಾಗಿ ವಾಪಸ್ ಕೇಳತೊಡಗಿತು. ಅವರು ಎರಡು ವಾಕ್ಯಕ್ಕೇ ನಿಲ್ಲಿಸಿಬಿಟ್ಟರು. ಕಾರಣ ಸರಳ. ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ ಬಂದ ಧ್ವನಿ ಅದೇ ವೈರಿನಲ್ಲಿ ಮತ್ತೆ ಲ್ಯಾಪ್‌ಟಾಪಿಗೆ ಹೋಗುತ್ತಿತ್ತು. ಸಭಾಂಗಣದ ಎಲ್ಲ ಮೈಕುಗಳ ಧ್ವನಿ ಆನ್‌ಲೈನ್‌ಗೆ ಹೋಗಬೇಕು, ಆನ್‌ಲೈನ್‌ನಿಂದ ಬಂದ ಧ್ವನಿ ಮಾತ್ರ ತಿರುಗಿ ಹೋಗಬಾರದು. ಸೌಂಡ್‌ನವರು ಇದಕ್ಕೆ ‘ಮಿಕ್ಸ್ ಮೈನಸ್’ ಅಂತಾರೆ. ಮಿಕ್ಸರಿನಲ್ಲಿ ಆಕ್ಸ್ ಔಟ್ ಅಂತ ಬೇರೆ ದಾರಿ ಇರುತ್ತದೆ. ಅಲ್ಲಿಂದ ವೈರ್ ಕೊಟ್ಟು, ಲ್ಯಾಪ್‌ಟಾಪಿನ ಚಾನೆಲ್‌ನ ಆಕ್ಸ್ ತಿರುಪನ್ನು ಸೊನ್ನೆಗೆ ಇಟ್ಟರೆ ಆಯಿತು. ಹಿಂದಿನ ದಿನ ಸಂಜೆ ಅರ್ಧ ಗಂಟೆ ಕೂತಿದ್ದರೆ ಮುಗಿಯುತ್ತಿದ್ದ ಕೆಲಸ ಅದು. ನಾವು ಹಿಂದಿನ ದಿನ ಸಂಜೆ ಬ್ಯಾನರ್ ಕಟ್ಟುತ್ತಿದ್ದೆವು.

ಇನ್ನೊಂದು ತೊಂದರೆಗೆ ಯಾವ ತಿರುಪೂ ಇಲ್ಲ. ಪ್ರಶ್ನೆ ಕೇಳುವ ಹೊತ್ತು ಬಂದಾಗ ಹಿರಿಯರೊಬ್ಬರು ಎದ್ದು ನಿಂತರು. ಹುಡುಗಿ ಮೈಕ್ ಹಿಡಿದು ಓಡಿದಳು. ‘ಬ್ಯಾಡವಾ, ನನ್ನ ದನಿ ದೊಡ್ಡದೈತಿ’ ಅಂತ ಅವರು ಕೈ ಅಡ್ಡ ಮಾಡಿದರು. ದನಿ ನಿಜಕ್ಕೂ ದೊಡ್ಡದಿತ್ತು, ಹಿಂದಿನ ಸಾಲಿನವರೆಗೂ ಕೇಳಿತು. ಆದರೆ ಆನ್‌ಲೈನ್‌ನಲ್ಲಿ ಆ ಎರಡು ನಿಮಿಷ ಪೂರ್ತಿ ಮೌನ. ಆಮೇಲೆ ವೇದಿಕೆಯಿಂದ ಉತ್ತರ ಬಂತು. ಯಾವ ಪ್ರಶ್ನೆಗೆ ಉತ್ತರ ಅಂತ ದೂರದವರಿಗೆ ಗೊತ್ತಾಗಲೇ ಇಲ್ಲ.

ಮೇಜಿನ ಸುತ್ತ

ಚಾ ಮುಗಿದ ಮೇಲೆ ದಿನದ ಮುಖ್ಯ ಕೆಲಸ ಇತ್ತು. ಹಾವೇರಿ ಜಿಲ್ಲೆಯ ಒಂದು ದಾನಶಾಸನದ ಪಡಿಯಚ್ಚನ್ನು ಎಲ್ಲರೂ ಕೂಡಿ ಓದುವುದು. ಪಡಿಯಚ್ಚು ಅಂದರೆ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿನೊಳಗೆ ಕೂರಿಸಿ, ಮೇಲೆ ಮಸಿ ತಟ್ಟುವುದು. ಉಬ್ಬಿದ ಭಾಗ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಅದನ್ನು ಉದ್ದನೆಯ ಮೇಜಿನ ಮೇಲೆ ಹಾಸಿದೆವು. ಇಪ್ಪತ್ತು ಮೂವತ್ತು ಮಂದಿ ಸುತ್ತ ನಿಂತರು. ಒಬ್ಬರು ಭೂತಗನ್ನಡಿ ಹಿಡಿದರು, ಒಬ್ಬರು ಬೆರಳಿಟ್ಟು ಸಾಲು ಓದಿದರು, ಇನ್ನೊಬ್ಬರು ‘ಇಲ್ಲ ಇಲ್ಲ, ಅದು ದೀರ್ಘ’ ಅಂದರು. ಆ ಹೊತ್ತಿನ ಖುಷಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಅಕ್ಷರಕ್ಕಾಗಿ ಇಷ್ಟು ತಲೆಗಳು ಒಂದೇ ಕಡೆ ಬಾಗುವುದನ್ನು ನೋಡುವುದೇ ಚಂದ.

ಕ್ಯಾಮೆರಾದಲ್ಲಿ ಕಂಡದ್ದು ಬೆನ್ನುಗಳು. ಅಷ್ಟೆ.

ಶಾಸನದಲ್ಲಿ ದಾನ ಕೊಟ್ಟ ಭೂಮಿ ಎಷ್ಟು ಮತ್ತರು, ಅದರ ಎಲ್ಲೆ ಯಾವುದು ಅಂತ ಹೇಳುವ ಸಾಲುಗಳಿದ್ದವು. ಒಂದು ಕಡೆ ಕಲ್ಲು ಸವೆದಿತ್ತು. ಅಲ್ಲಿನ ಪದವನ್ನು ಮೇಜಿನ ಸುತ್ತಲಿನವರು ‘ವರಡಿ’ ಅಂತ ಓದಿದರು. ಅದು ಹಾಳಾದ ಒಂದು ಊರಿನ ಹೆಸರೋ, ವ್ಯಕ್ತಿಯ ಹೆಸರೋ ಅಂತ ಚರ್ಚೆ ಶುರುವಾಗಿ ಅರ್ಧ ಗಂಟೆ ನಡೆಯಿತು. ಕೊನೆಗೆ ಊರಿನ ಹೆಸರು ಅಂತ ಟಿಪ್ಪಣಿ ಬರೆದು ಊಟಕ್ಕೆ ಎದ್ದೆವು.

ರಾತ್ರಿ ಮನೆಯಲ್ಲಿ ನಾನು ಚಾಟ್‌ನ ಫೈಲ್ ಉಳಿಸಿಕೊಳ್ಳುತ್ತಿದ್ದೆ. ಸುಮ್ನೆ ಕಣ್ಣಾಡಿಸಿದೆ. 11:42ಕ್ಕೆ ಹಾವೇರಿ ಕಡೆಯ ಆ ಮೇಷ್ಟ್ರು ಬರೆದಿದ್ದರು: ‘ಅದು ವ ಅಲ್ಲ, ಮ ಇರಬೇಕು ನೋಡ್ರಿ. ನಮ್ಮ ಊರಾಗ ಆ ಕಡೆ ಹೊಲಕ್ಕ ಇವತ್ತಿಗೂ ಮರಡಿ ಹೊಲ ಅಂತಾರ.’ 11:50ಕ್ಕೆ ಮತ್ತೆ: ‘ಯಾರರ ನೋಡ್ರಿ.’ 11:58ಕ್ಕೆ ಗದಗದ ತಾಯಿ: ‘ಸರ್ ಹೇಳೂದು ಸರಿ ಅನಸ್ತದ, ವೇದಿಕೆಗೆ ತಿಳಸ್ರಿ.’ 12:14ಕ್ಕೆ ಮೇಷ್ಟ್ರು ಸಭೆಯಿಂದ ಹೊರಗೆ ಹೋಗಿದ್ದರು.

ಆ ಕಾಲದ ಲಿಪಿಯಲ್ಲಿ ವ ಮತ್ತು ಮ ಒಂದನ್ನೊಂದು ಹೋಲುತ್ತವೆ. ಕಲ್ಲು ಸವೆದಿದ್ದರೆ ಯಾರಿಗಾದರೂ ಮೋಸವಾಗುತ್ತದೆ. ಮರಡಿ ಅಂದರೆ ದಿಬ್ಬ. ಹೊಲದ ಎಲ್ಲೆ ಹೇಳುವಾಗ ದಿಬ್ಬ ಬರುವುದು ಸಹಜ. ಆ ಊರಿನಲ್ಲಿ ಹುಟ್ಟಿ ಬೆಳೆದವರು ಅದನ್ನು ಹೇಳುತ್ತಿದ್ದಾರೆ, ನಾವು 30 ಮಂದಿ ಮೇಜಿನ ಸುತ್ತ ನಿಂತು ಇಲ್ಲದ ಊರೊಂದನ್ನು ಕಟ್ಟುತ್ತಿದ್ದೇವೆ.

ರಾತ್ರಿ ಒಂಬತ್ತೂವರೆಗೆ ಅವರಿಗೆ ಫೋನ್ ಮಾಡಿದೆ. ಕ್ಷಮೆ ಕೇಳಿದೆ. ‘ಇರ್ಲಿ ಬಿಡ್ರಿ, ಅಲ್ಲೆ ದೊಡ್ಡ ದೊಡ್ಡವರು ಕುಂತಿದ್ರು’ ಅಂದರು. ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

ಎರಡನೇ ದಿನದ ಬದಲಾವಣೆ

ಅದೇ ರಾತ್ರಿ ನಾವು ನಾಲ್ಕು ಮಂದಿ ಫೋನಿನಲ್ಲಿ ಕೂಡಿದೆವು. ದುಡ್ಡು ಉಳಿದಿರಲಿಲ್ಲ, ಸಮಯವೂ ಇರಲಿಲ್ಲ. ಇದ್ದದ್ದರಲ್ಲೇ ಮಾಡಬೇಕಿತ್ತು.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಒಂದು ಪೈಸೆ ಖರ್ಚಿಲ್ಲದ ಬದಲಾವಣೆ. ಎಂ.ಎ. ಓದುವ ಒಬ್ಬ ಹುಡುಗಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಅವಳ ಕೈಯಲ್ಲಿ ಸದಾ ಒಂದು ಮೈಕು, ಮಡಿಲಲ್ಲಿ ಲ್ಯಾಪ್‌ಟಾಪು. ಅವಳಿಗೆ ಬೇರೆ ಯಾವ ಕೆಲಸವೂ ಇಲ್ಲ. ಚಾ ಕೊಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ದೂರದವರು ಬರೆದದ್ದನ್ನು ಓದುವುದು, ಅವರ ಪರವಾಗಿ ಮಾತಾಡುವುದು ಅಷ್ಟೆ. ಜೊತೆಗೆ ಯಾರ ಭಾಷಣವನ್ನಾದರೂ ನಡುವೆ ನಿಲ್ಲಿಸುವ ಅಧಿಕಾರ ಅವಳಿಗೆ ಕೊಟ್ಟೆವು. ಇದನ್ನು ಬೆಳಿಗ್ಗೆ ಅಧ್ಯಕ್ಷರಿಂದಲೇ ಎಲ್ಲರ ಮುಂದೆ ಹೇಳಿಸಿದೆವು. ಹೇಳಿಸದೇ ಇದ್ದಿದ್ದರೆ 22 ವರ್ಷದ ಹುಡುಗಿ ಪ್ರೊಫೆಸರರ ಮಾತು ತಡೆಯುವುದು ಸಾಧ್ಯವೇ ಇರಲಿಲ್ಲ. ಮೊದಲ ಸಲ ‘ತಡೀರಿ ಸರ್, ಆನ್‌ಲೈನ್‌ನವರದು ಒಂದು ಮಾತೈತಿ’ ಅಂದಾಗ ಅವಳ ದನಿ ನಡುಗಿತು. ಮೂರನೇ ಸಲಕ್ಕೆ ನಡುಗಲಿಲ್ಲ.

ಹಿಂದಿನ ದಿನ ಈ ಕೆಲಸ ನನ್ನದೇ ಆಗಿತ್ತು, ಆದರೆ ಅದರ ಜೊತೆಗೆ ಇನ್ನೂ ಆರು ಕೆಲಸ ಇದ್ದವು. ಹೆಚ್ಚಿನ ಸಭೆಗಳಲ್ಲಿ ನಡೆಯುವುದು ಇದೇ. ‘ಚಾಟ್ ಯಾರಾದರೂ ನೋಡ್ತಾ ಇರ್ತಾರೆ’ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ.

ದೊಡ್ಡ ಪರದೆಯ ವಿಚಾರಕ್ಕೆ ಬರುತ್ತೇನೆ. ಅದು ವೇದಿಕೆಯ ಹಿಂದೆ ಇತ್ತು. ಅಂದರೆ ವೇದಿಕೆಯ ಮೇಲಿದ್ದವರಿಗೆ ಆನ್‌ಲೈನ್‌ನವರ ಮುಖ ಕಾಣುತ್ತಲೇ ಇರಲಿಲ್ಲ, ಬೆನ್ನ ಹಿಂದೆ ಇದ್ದರು. ಕಾಣದವರ ನೆನಪು ಹೇಗೆ ಬರಬೇಕು? ಒಬ್ಬರ ಮನೆಯ ಟಿವಿ ತಂದು ವೇದಿಕೆಯ ಎದುರು, ನೆಲದ ಮೇಲೆ ಓರೆಯಾಗಿ ಇಟ್ಟೆವು. ಅಧ್ಯಕ್ಷರು ಆ ದಿನ ಮೂರು ಸಲ ತಾವೇ ‘ಗದಗದವರು ಏನೋ ಹೇಳಾಕತ್ತಾರ’ ಅಂದರು. ಆ ತಾಯಿ ಕೈ ಎತ್ತಿದ್ದು ಅವರ ಕಣ್ಣಿಗೆ ಬಿದ್ದಿತ್ತು.

ಪಡಿಯಚ್ಚಿಗೆ ಒಂದು ಉಪಾಯ ಮಾಡಿದೆವು. ಕೆಮಿಸ್ಟ್ರಿ ಲ್ಯಾಬಿನ ಕಬ್ಬಿಣದ ಸ್ಟ್ಯಾಂಡಿಗೆ ಒಂದು ಮೊಬೈಲ್ ಬಿಗಿದು, ಕ್ಯಾಮೆರಾ ಕೆಳಮುಖ ಮಾಡಿ ಮೇಜಿನ ಮೇಲೆ ನಿಲ್ಲಿಸಿದೆವು. ಆ ಮೊಬೈಲನ್ನು ಧ್ವನಿ ಇಲ್ಲದೆ ಬೇರೆ ಸದಸ್ಯನಂತೆ ಸಭೆಗೆ ಸೇರಿಸಿದೆವು. ಬೆರಳಿಟ್ಟು ಓದುವವರ ಬೆರಳು ಈಗ ಎಲ್ಲರಿಗೂ ಕಾಣುತ್ತಿತ್ತು. ಆದರೂ ವಿಡಿಯೋದಲ್ಲಿ ಅಕ್ಷರದ ಅಂಚು ಕಲಸಿಹೋಗುತ್ತದೆ. ಅದಕ್ಕೆ ಪಡಿಯಚ್ಚಿನ ಫೋಟೋಗಳನ್ನು ಮೊದಲೇ ಎಲ್ಲರಿಗೂ ಕಳಿಸಿದೆವು. ಇಲ್ಲೊಂದು ಸಣ್ಣ ಸಂಗತಿ ಗೊತ್ತಿರಲಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಸವೆದ ಅಕ್ಷರ ಓದುವವರಿಗೆ ಈ ವ್ಯತ್ಯಾಸ ತುಂಬ ದೊಡ್ಡದು.

ಮೊದಲ ಹತ್ತು ನಿಮಿಷ ಮೇಷ್ಟ್ರಿಗೆ ಕೊಟ್ಟೆವು. ಅವರ ಕಡೆ ನೆಟ್‌ವರ್ಕ್ ಕಡಿಮೆ. ವಿಡಿಯೋ ಬಂದ್ ಮಾಡಿ ಬರೀ ಮಾತಾಡಿದರು. ಹೊಲ ಎಲ್ಲಿದೆ, ದಿಬ್ಬ ಎಷ್ಟು ಎತ್ತರ, ತಮ್ಮ ಅಜ್ಜ ಅದನ್ನು ಏನಂತ ಕರೆಯುತ್ತಿದ್ದರು ಅಂತ ಹೇಳಿದರು. ಸಭಾಂಗಣದಲ್ಲಿ ಒಬ್ಬರೂ ಅಲುಗಾಡಲಿಲ್ಲ. ನಿನ್ನೆ ‘ವರಡಿ’ ಅಂದಿದ್ದ ಹಿರಿಯ ವಿದ್ವಾಂಸರು ಮತ್ತೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ‘ಮ ಆಗಿರಲಿಕ್ಕೂ ಸಾಕು. ಕಲ್ಲನ್ನ ಇನ್ನೊಮ್ಮೆ ನೋಡೂಣು’ ಅಂದರು. ಟಿಪ್ಪಣಿಯನ್ನು ಅಲ್ಲೇ ತಿದ್ದಿದೆವು.

ಯಾರಿಗೆ ಕಡಿಮೆಯಾಯಿತು

ದೂರದವರಿಗೆ ಜಾಗ ಕೊಟ್ಟರೆ ಅದು ಎಲ್ಲಿಂದಲೋ ಬರಬೇಕಲ್ಲ. ಎರಡನೇ ದಿನ ಪ್ರತಿ ಗೋಷ್ಠಿಯ ಮೊದಲ ಪ್ರಶ್ನೆ ಆನ್‌ಲೈನ್‌ನವರದು ಅಂತ ನಿಯಮ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಸಾಲಿನ ಹುಡುಗನೊಬ್ಬ ಬೇಜಾರಿನಿಂದ ಬಂದ. ‘ಮೇಲಿಂದ ಮೇಲೆ ಕೈ ಎತ್ತೀನ್ರಿ. ನಸುಕಿನ ಬಸ್ ಹಿಡಿದು ಹಾನಗಲ್‌ನಿಂದ ಬಂದೀನಿ. ಮನ್ಯಾಗ ಕುಂತಿದ್ರ ಮೊದಲ ಪ್ರಶ್ನೆ ನಂದ ಆಗ್ತಿತ್ತು’ ಅಂದ. ಅವನ ಮಾತು ಪೂರ್ತಿ ಸರಿ. ಅವನು ಬಸ್ ಖರ್ಚು, ಎರಡು ದಿನದ ಕೂಲಿ ಬಿಟ್ಟು ಬಂದಿದ್ದ.

ನಾವು ಅಂದು ಅವನಿಗೆ ಪ್ರಶ್ನೆ ಕೇಳಲು ಅವಕಾಶ ಮಾಡಿಕೊಟ್ಟೆವು, ಆದರೆ ಮೂಲ ಕಾರಣ ಬೇರೆ. ದಿನಕ್ಕೆ ಎಂಟು ಪ್ರಬಂಧ ಇಟ್ಟಿದ್ದೆವು. ಎರಡು ಕಡೆಯ ಮಂದಿ ಇರುವಾಗ ಎಲ್ಲವೂ ನಿಧಾನ. ಮೈಕ್ ಕೈಗೆ ಹೋಗಬೇಕು, ಮ್ಯೂಟ್ ತೆಗೆಯಬೇಕು, ‘ಕೇಳಸ್ತದೇನ್ರಿ’ ಅಂತ ಕೇಳಬೇಕು. ಯೂಟ್ಯೂಬ್ ಲೈವ್ ನೋಡುವವರಿಗಂತೂ ಚಿತ್ರ ಹಲವು ಸೆಕೆಂಡು ತಡವಾಗಿಯೇ ತಲುಪುತ್ತದೆ, ಅವರ ಪ್ರಶ್ನೆ ಬರುವಷ್ಟರಲ್ಲಿ ನಾವು ಧನ್ಯವಾದ ಹೇಳಿರುತ್ತೇವೆ. ಎಂಟು ಪ್ರಬಂಧದ ಜಾಗದಲ್ಲಿ ಆರು ಇಟ್ಟಿದ್ದರೆ ಹಾನಗಲ್ ಹುಡುಗನೂ ಗದಗದ ತಾಯಿಯೂ ಒಂದೇ ಪ್ರಶ್ನೆಗೆ ಜಗ್ಗಾಡಬೇಕಾಗಿರಲಿಲ್ಲ. ಸಂಘಟಕರಿಗೆ ಇದು ಕಷ್ಟ ಅಂತ ಗೊತ್ತು. ಪ್ರಬಂಧ ಕಳಿಸಿದವರಿಗೆ ಇಲ್ಲ ಅನ್ನಬೇಕಾಗುತ್ತದೆ. ಆದರೂ ಕಡಿಮೆ ಮಾಡಲೇಬೇಕು.

ಗಡಿಯಾರದ ಲೆಕ್ಕವೂ ಹೀಗೇ. ನಮ್ಮ ಬೆಳಿಗ್ಗೆ 10 ಗಂಟೆ ಅಂದರೆ ಜುಲೈನಲ್ಲಿ ನೆದರ್ಲೆಂಡ್ಸ್‌ನಲ್ಲಿ 6:30. ಸಂಶೋಧಕಿಯ ಮಾತನ್ನು ಮಧ್ಯಾಹ್ನ 2:30ಕ್ಕೆ ಇಟ್ಟೆವು, ಅವರಿಗೆ ಅದು ಬೆಳಿಗ್ಗೆ 11. ಕ್ಯಾಲಿಫೋರ್ನಿಯಾದಿಂದ ಒಬ್ಬರು ಹೆಸರು ಕೊಟ್ಟಿದ್ದರು, ಅವರಿಗೆ ಆಗ ನಡುರಾತ್ರಿ 2 ಗಂಟೆ. ಎಲ್ಲರಿಗೂ ಒಗ್ಗುವ ಹೊತ್ತು ಅಂತ ಇಲ್ಲ. ಅವರಿಗೆ ರೆಕಾರ್ಡಿಂಗ್ ಕಳಿಸಿ, ಒಂದು ವಾರದೊಳಗೆ ಬರೆದು ಕಳಿಸಿದ ಪ್ರಶ್ನೆಗೂ ಉತ್ತರ ಕೊಡಿಸುತ್ತೇವೆ ಅಂದೆವು. ಎರಡು ಒಳ್ಳೆಯ ಪ್ರಶ್ನೆ ಬಂದವು.

ಕರೆಂಟ್ ಹೋದಾಗ

ಎರಡನೇ ದಿನ ಮೂರೂವರೆಗೆ ಜೋರು ಮಳೆ, ಕರೆಂಟ್ ಹೋಯಿತು. ರೌಟರ್ ಆರಿತು. ಅದೃಷ್ಟಕ್ಕೆ ಬೆಳಿಗ್ಗೆಯೇ ಗದಗದ ತಾಯಿಯನ್ನು ಕೋ-ಹೋಸ್ಟ್ ಮಾಡಿದ್ದೆವು. ಸಭಾಂಗಣ ಕತ್ತಲಾಗಿ ನಾವು ಮೊಬೈಲ್ ಟಾರ್ಚ್ ಹುಡುಕುತ್ತಿದ್ದ ಹನ್ನೊಂದು ನಿಮಿಷ ಸಭೆ ಅವರ ಕೈಯಲ್ಲಿತ್ತು. ತೊಡೆಯ ಮೇಲೆ ಕೂಸು ಮಲಗಿಸಿಕೊಂಡು, ಆನ್‌ಲೈನ್‌ನವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ, ಅವರವರ ಊರಿನ ವೀರಗಲ್ಲುಗಳ ಬಗ್ಗೆ ಹೇಳಿಸಿದರಂತೆ. ನಾವು ತಿರುಗಿ ಸೇರಿದಾಗ ಚರ್ಚೆ ಎಷ್ಟು ರಂಗೇರಿತ್ತು ಅಂದರೆ ಅಧ್ಯಕ್ಷರು ‘ಮುಂದುವರಸ್ರಿ, ನಾವೂ ಕೇಳ್ತೀವಿ’ ಅಂದರು. ಎರಡು ದಿನದಲ್ಲಿ ನನಗೆ ಅತಿ ಇಷ್ಟವಾದ ಗೋಷ್ಠಿ ಅದು, ನಾವು ಮಾಡದೇ ಇದ್ದದ್ದು.

ಕೈಗೂಡದ ಪ್ರಯತ್ನಗಳೂ ಇವೆ. ಚಾ ವಿರಾಮದಲ್ಲಿ ಆನ್‌ಲೈನ್‌ನವರ ಜೊತೆ ಹರಟಲಿ ಅಂತ ಚಾ ಮೇಜಿನ ಮೇಲೆ ಒಂದು ಟ್ಯಾಬ್ ಇಟ್ಟೆವು. ಒಬ್ಬರೂ ಹತ್ತಿರ ಬರಲಿಲ್ಲ. ಗಿರಮಿಟ್ಟಿನ ಪ್ಲೇಟ್ ಕೈಯಲ್ಲಿದ್ದಾಗ ಪರದೆಯ ಜೊತೆ ಯಾರು ಮಾತಾಡುತ್ತಾರೆ? ಬದಲಿಗೆ ಊಟದ ಹೊತ್ತಿನಲ್ಲಿ ಒಂದೇ ವಿಷಯದವರನ್ನು ಜೋಡಿ ಮಾಡಿ, ಫೋನ್ ನಂಬರ್ ಕೊಡಬಹುದಾ ಅಂತ ಕೇಳಿ ಕೊಟ್ಟೆವು. ಮೂರು ಜೋಡಿ ನಿಜವಾಗಿ ಮಾತಾಡಿದರು. ಚಾ ಕಪ್ಪಿನ ಗೆಳೆತನಕ್ಕೆ ಇದು ಸಮ ಅಲ್ಲ, ಆದರೂ ಏನೋ ಒಂದು ಆಯಿತು.

ಮರುದಿನ ಭಾನುವಾರ ಲಕ್ಕುಂಡಿಗೆ ಹೋದೆವು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದಲ್ಲಿ 1007ರ ಶಾಸನ ನೋಡುವುದು ಉದ್ದೇಶ. ಮೊಬೈಲ್ ಹಿಡಿದು ಲೈವ್ ಮಾಡಿದೆವು. ಗಾಳಿಯ ಸದ್ದು, ಅಲುಗಾಡುವ ಚಿತ್ರ. ‘ತಲಿ ತಿರಗಾಕತ್ತು’ ಅಂತ ಬಂತು. ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ, ಒಂದೇ ಶಾಸನವನ್ನು ನಿಧಾನವಾಗಿ ಚಿತ್ರೀಕರಿಸಿ ಆಮೇಲೆ ಕಳಿಸಿದೆವು. ಕಲ್ಲಿನ ತಂಪು, ಕಂಬದ ನುಣುಪು ಬಂದವರಿಗೇ ಸೇರಿದ್ದು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗಲೂ ಹೀಗೇ. ಗೋಷ್ಠಿಗಳನ್ನು ಮನೆಯಲ್ಲಿ ಕೂತು ನೋಡಬಹುದಿತ್ತು, ಪುಸ್ತಕ ಮಳಿಗೆಯ ಜಂಗುಳಿಗೆ ಹೋಗಿಯೇ ತೀರಬೇಕಿತ್ತು. ಎಲ್ಲವನ್ನೂ ಪರದೆಗೆ ತರುತ್ತೇವೆ ಅಂತ ದೂರದವರಿಗೆ ಆಸೆ ತೋರಿಸುವುದಕ್ಕಿಂತ, ಇದು ಸಿಗುತ್ತದೆ, ಇದು ಸಿಗುವುದಿಲ್ಲ ಅಂತ ಮೊದಲೇ ಹೇಳುವುದು ಒಳ್ಳೆಯದು.

ಗದಗದ ಕೋಣೆ

ಸೆಪ್ಟೆಂಬರಿನಲ್ಲಿ ಇನ್ನೊಂದು ದಿನದ ಓದು ಇಟ್ಟುಕೊಂಡಾಗ ರೀತಿಯನ್ನೇ ಬದಲಿಸಿದೆವು. ಗದಗದಲ್ಲಿ ಒಂದು ಕೋಣೆ, ಒಂದು ಟಿವಿ, ನಡುವೆ ಒಂದು ಮೈಕು. ಆಸುಪಾಸಿನ 14 ಮಂದಿ ಅಲ್ಲಿ ಕೂಡಿದರು. ಇದು ಹೊಸ ಉಪಾಯವೇನಲ್ಲ. 2018ರಲ್ಲಿ ಸಂಗೀತದ ಗ್ರಹಿಕೆ ಕುರಿತ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ಗ್ರಾಜ್, ಮಾಂಟ್ರಿಯಲ್, ಲಾ ಪ್ಲಾಟಾ, ಸಿಡ್ನಿ ಈ ನಾಲ್ಕು ಊರುಗಳಲ್ಲಿ ಒಟ್ಟೊಟ್ಟಿಗೆ ನಡೆದಿತ್ತು. ನಮ್ಮದು ಧಾರವಾಡ, ಗದಗ ಅಷ್ಟೆ. ಒಬ್ಬೊಬ್ಬರೇ ಮನೆಯಲ್ಲಿ ಕೂತಾಗ ಸುಮ್ಮನಿದ್ದವರು ಕೋಣೆಯಲ್ಲಿ ಪಕ್ಕದವರ ಜೊತೆ ಮೊದಲು ಮಾತಾಡಿ, ಆಮೇಲೆ ಧೈರ್ಯವಾಗಿ ಕೇಳಿದರು. ಕೂಸಿನ ತಾಯಿಯೂ ಬಂದಿದ್ದರು, ಕೂಸನ್ನು ಎತ್ತಿಕೊಳ್ಳಲು ಕೈಗಳು ಬೇಕಾದಷ್ಟಿದ್ದವು.

ಅದೇ ದಿನ ಮಧ್ಯಾಹ್ನ ಮೇಷ್ಟ್ರು ತಮ್ಮ ಊರಿನ ಹೊಲದಿಂದ ಸೇರಿದರು. ಮೊಮ್ಮಗ ಮೊಬೈಲ್ ಹಿಡಿದಿದ್ದ. ಕೋಲು ಊರುತ್ತ ಮೇಷ್ಟ್ರು ಮುಂದೆ, ಹಿಂದೆ ಊರಿನ ನಾಲ್ಕೈದು ಮಂದಿ. ಹಸಿರು ಹೊಲದ ನಡುವೆ ದಿಬ್ಬ ಕಂಡಿತು. ಅವರೆಲ್ಲ ಅದರ ಸುತ್ತ ನಿಂತು ತಮ್ಮತಮ್ಮಲ್ಲೇ ಮಾತಾಡತೊಡಗಿದರು. ಹಳೆಯ ಎಲ್ಲೆಕಲ್ಲು ಎಲ್ಲಿತ್ತು, ಯಾವ ಕಡೆ ಉರುಳಿತು ಅಂತ. ನಮಗೆ ಕಂಡದ್ದು ಬೆನ್ನುಗಳು. ‘ಕಲ್ಲಿನ ಎಡಗಡೆ ತೋರಸ್ರಿ’ ಅಂತ ನಾನು ಚಾಟ್‌ನಲ್ಲಿ ಬರೆದೆ. ಯಾರೂ ನೋಡಲಿಲ್ಲ. ಮತ್ತೆ ಬರೆದೆ. ಸಭಾಂಗಣದಲ್ಲಿ ಎಲ್ಲರೂ ಪರದೆಯನ್ನೇ ನೋಡುತ್ತ ಕೂತಿದ್ದೆವು. ನಾಲ್ಕು ನಿಮಿಷ ಆದ ಮೇಲೆ ಹುಡುಗನ ದನಿ ಕೇಳಿತು: ‘ಅಜ್ಜಾ, ತಡಿ. ಧಾರವಾಡದವರು ಏನೋ ಕೇಳಾಕತ್ತಾರ.’